ಹಿಟ್ಟು ಹತ್ತಿದ ಕೈ

ಈ ಪುಸ್ತಕದ ಮೊದಲ ಮುದ್ರಣ ನಿಮ್ಮ ಮನೆಯಲ್ಲಿದ್ದರೆ ಬಿಸಾಡಬೇಡಿ. ಈ ಅಧ್ಯಾಯ ಅದರಲ್ಲಿಯೂ ಇದೆ. ಅಲ್ಲಿ ಅದರ ಹೆಸರು ‘ನಮ್ಮವ್ವನ ಕೈರುಚಿ’. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಅಲ್ಲಿರುವುದು ಸುಳ್ಳು, ಬರೆದವನು ನಾನೇ. ಎರಡನೆಯ ಮುದ್ರಣದಲ್ಲಿ ಸದ್ದಿಲ್ಲದೆ ನಾಲ್ಕು ಸಾಲು ಬದಲಿಸಿ ಏನೂ ಆಗಿಲ್ಲ ಅನ್ನುವ ಹಾಗೆ ಇರಬಹುದಿತ್ತು. ಹಾಗೇ ಮಾಡು ಎಂದು ಹೇಳಿದವರೂ ಇದ್ದಾರೆ. ನಾನು ಮಾಡುವುದಿಲ್ಲ. ತುಂಬಿದ ಪಂಕ್ತಿಯ ಎದುರಿಗೆ ಹೇಳಿದ ಸುಳ್ಳನ್ನು ಮೂಲೆಯಲ್ಲಿ ನಿಂತು ತಿದ್ದಿಕೊಳ್ಳುವುದು ನನಗೆ ಬೇಡ. ಓದಿದ್ದು ಏಳನೆಯ ಇಯತ್ತೆ, ಇವನಿಗೆ ಪುಸ್ತಕ ಬರೆಯುವ ಉಸಾಬರಿ ಯಾಕೆ ಬೇಕಿತ್ತು ಎಂದು ನಕ್ಕವರು ಇನ್ನೊಮ್ಮೆ ನಗಲಿ.

ನಮಗೆ ಮನೆ ಬೇರೆ, ಖಾನಾವಳಿ ಬೇರೆ ಎಂದು ಇರಲಿಲ್ಲ. ಹುಕ್ಕೇರಿಯ ಬಸ್ ಸ್ಟ್ಯಾಂಡಿನಿಂದ ಸಂತೆ ಕೂಡುವ ಬಯಲಿಗೆ ಹೋಗುವ ಓಣಿಯಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆ, ರೈಲಿನ ಡಬ್ಬಿಗಳ ಹಾಗೆ. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳು ಉಣ್ಣುತ್ತಿದ್ದರು. ನಡುವಿನ ಕೋಣೆಯಲ್ಲಿ ಜೋಳದ ಚೀಲಗಳು, ಗೋಡೆಯಲ್ಲಿ ದೇವರ ಮಾಡ, ಚೀಲಗಳ ಮೇಲೆ ಮಡಚಿಟ್ಟ ನಮ್ಮ ಕೌದಿಗಳು. ಹಿಂದಿನದು ಅಡಿಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಅಷ್ಟೇ. ಮಳೆ ಬಂದರೆ ಅದರ ಮೇಲೆ ತಗಡು ಮುಚ್ಚುತ್ತಿದ್ದೆವು, ಆಗ ಹೊಗೆಯೆಲ್ಲ ಒಳಗೇ ತಿರುಗುತ್ತಿತ್ತು. ತಾಲೂಕು ಕಚೇರಿಗೆ ಕಾಗದಪತ್ರ ಹಿಡಿದುಕೊಂಡು ಬಂದವರು, ಕೋರ್ಟಿನ ತಾರೀಖಿಗೆ ಬಂದವರು, ಸಂತೆಗೆ ಮೆಣಸಿನಕಾಯಿ ತಂದವರು, ಹಳ್ಳಿಯ ಬಸ್ಸು ತಪ್ಪಿಸಿಕೊಂಡವರು, ಎಲ್ಲರಿಗೂ ನಮ್ಮಲ್ಲಿ ಒಂದೇ ಊಟ: ಬಿಸಿ ಜೋಳದ ರೊಟ್ಟಿ, ಕಾಳಿನದೋ ಬದನೆಕಾಯಿಯದೋ ಪಲ್ಯ, ಬೇಳೆ, ಹಿಂಡಿ ಎನ್ನುವ ಶೇಂಗಾದ ಚಟ್ನಿಪುಡಿ, ಮೇಲೆ ಮಜ್ಜಿಗೆ. ಅಡಿಗೆಮನೆಯ ಬಾಗಿಲಿಗೆ ಹಳೆಯ ಸೀರೆಯ ಪರದೆ ಇತ್ತು. ಗಿರಾಕಿಗಳಿಗೆ ಒಳಗೆ ಏನೂ ಕಾಣುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ಓಣಿಯವರೆಗೂ ಕೇಳುತ್ತಿತ್ತು. ಹಸಿದವನನ್ನು ಒಳಗೆ ಎಳೆಯಲು ಆ ಸದ್ದು ಸಾಕಿತ್ತು. ಅಪ್ಪ ರೊಕ್ಕದ ಗಲ್ಲೆಯ ಮುಂದೆ ಕುಳಿತಿರುತ್ತಿದ್ದ. ನೀರು, ರೊಟ್ಟಿ, ಮಜ್ಜಿಗೆ ತಿರುಗಿಸುವುದು ನನ್ನ ಕೆಲಸ. ಶಾಲೆ ಇದ್ದಾಗ ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಬಡಿಸಿ ಮತ್ತೆ ಓಡುತ್ತಿದ್ದೆ, ಶಾಲೆ ಬಿಟ್ಟ ಮೇಲೆ ಓಡುವುದು ತಪ್ಪಿತು. ಕೊನೆಯ ಗಿರಾಕಿ ಕೈ ತೊಳೆದ ಮೇಲೆ ನಮ್ಮ ಊಟ. ಅಪ್ಪ, ನಾನು, ಆಮೇಲೆ ಅವ್ವ. ಎಲ್ಲರಿಗಿಂತ ಹಿಂದೆ ನನ್ನ ಅಕ್ಕ ಗಂಗವ್ವ. ಪರಾತದಲ್ಲಿ ಉಳಿದ ಹಿಟ್ಟನ್ನೆಲ್ಲ ಕೂಡಿಸಿ ತನಗೊಂದು ದಪ್ಪ ರೊಟ್ಟಿ ಬಡಿದುಕೊಂಡು, ಒಲೆಯ ಕಡೆಗೆ ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದಳು. ಒಲೆಯ ಮುಖ ನೋಡುತ್ತ ಅವಳು ಉಂಡದ್ದನ್ನು ನಾನು ಕಂಡಿಲ್ಲ.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ, ದೀಪಾವಳಿಯ ಹಿಂದಿನ ವಾರ, ಕುದಿಯುವ ಎಣ್ಣೆಯ ಕಡಾಯಿ ಜಾರಿ ಅವ್ವನ ಬಲಗೈ ಮೇಲೆ ಬಿತ್ತು. ಗಾಯ ಮಾಯಿತು. ಆದರೆ ಬೆರಳುಗಳು ಅಂಗೈಯ ಕಡೆಗೆ ಮಡಚಿಕೊಂಡು ಹಾಗೆಯೇ ನಿಂತವು, ಏನನ್ನೋ ಮುಚ್ಚಿ ಹಿಡಿದ ಹಾಗೆ. ಜೋಳದ ರೊಟ್ಟಿಗೆ ಬಿಚ್ಚಿದ ಅಂಗೈ ಬೇಕು. ಅವ್ವ ಎಡಗೈಯಿಂದ ಪ್ರಯತ್ನಿಸಿದಳು. ರೊಟ್ಟಿ ಹರಿದು ಪರಾತದಲ್ಲಿಯೇ ಉಳಿದವು. ಹೀಗೆ ಹೆಣಗಿದ ಮೂರನೆಯ ದಿನ ಅಪ್ಪ ಗಂಗವ್ವನಿಗೆ ಶಾಲೆಯ ಚೀಲ ಇಳಿಸಲು ಹೇಳಿದ. ಅವಳು ಆಗ ಆರನೆಯ ಇಯತ್ತೆ. ಮೊದಮೊದಲು ಅವ್ವ ಬಾಜೂ ಕುಳಿತು ನೀರು ಇಷ್ಟು, ಉರಿ ಇಷ್ಟು ಎಂದು ಹೇಳುತ್ತಿದ್ದಳು. ಸಂಕ್ರಾಂತಿ ಬರುವುದರೊಳಗೆ ಹೇಳುವ ಅವಶ್ಯಕತೆ ಇರಲಿಲ್ಲ. ಅಕ್ಕನ ರೊಟ್ಟಿ ಅವ್ವನದಕ್ಕಿಂತ ತೆಳ್ಳಗೆ ಬಂದವು, ಹಂಚಿನ ಮೇಲೆ ಪೂರ್ತಿ ಉಬ್ಬಿದವು. ಪಲ್ಯ, ಬೇಳೆ, ಹಿಂಡಿ ಒಂದೊಂದಾಗಿ ಅವಳ ಕೈಗೆ ಹೋದವು. ಗಿರಾಕಿ ಹೆಚ್ಚಾದರು.

ಆದರೆ ಮನೆಯಲ್ಲಿ ಒಂದು ಕಟ್ಟಳೆ ಆಗಿತ್ತು. ಯಾರು ಕೇಳಿದರೂ ಅಡಿಗೆ ಅವ್ವನದು. ಅಪ್ಪ ಅದನ್ನು ನಮ್ಮಿಬ್ಬರನ್ನೂ ನಡುವಿನ ಕೋಣೆಯಲ್ಲಿ ನಿಲ್ಲಿಸಿ ಹೇಳಿದ್ದ.

“ಸಣ್ಣ ಹುಡುಗಿ ಕೈದು ಅಂತ ಗೊತ್ತಾದ್ರ ರೊಕ್ಕಾ ಕೊಟ್ಟ ಯಾರ ಉಣ್ಣಾಕ ಬರ್ತಾರ? ಮತ್ತ ನಾಳೆ ಇಕಿನ್ನ ಯಾರ ಮಾಡ್ಕೋತಾರ? ಊರ ಮಂದಿಗೆ ರೊಟ್ಟಿ ಬಡದಾಕಿ ಅಂತಾರ. ಕೇಳಿದ್ರ ಅವ್ವ ಅನ್ರಿ. ಮುಗೀತು.”

ಅವ್ವ ಅದಕ್ಕೆ ತನ್ನದೊಂದು ಕೂಡಿಸಿದಳು. ಅದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಪಂಕ್ತಿ ಏಳುವ ಹೊತ್ತಿಗೆ ಅವ್ವ ಹಿಟ್ಟಿನ ಡಬ್ಬಿಗೆ ಎರಡೂ ಕೈ ಮೊಣಕೈಯವರೆಗೆ ಅದ್ದುತ್ತಿದ್ದಳು. ಬಲಗೈಯನ್ನು ಸೆರಗಿನ ತುದಿಯಲ್ಲಿ ಮರೆಮಾಡಿ, ಬೆಳ್ಳಗಾದ ಎಡಗೈಯಿಂದ ಪರದೆ ಸರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳು.

“ಊಟಾ ಹೆಂಗಾತ್ರೀ?”

“ಏನ ಕೈರೀ ಬಾಯಿ ನಿಮ್ಮದು! ಬೆಳಗಾವ್ಯಾಗ ಇಂಥಾ ರೊಟ್ಟಿ ಸಿಗಂಗಿಲ್ಲ.”

ಅವ್ವ ನಗುತ್ತಿದ್ದಳು. ಒಳಗೆ ರೊಟ್ಟಿಯ ಸದ್ದು ಅಷ್ಟು ಹೊತ್ತು ನಿಲ್ಲಬೇಕಿತ್ತು, ಅದೂ ಕಟ್ಟಳೆಯೇ. ಅಕ್ಕ ಕೈ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದಳು. ಅವ್ವ ಹಿಟ್ಟಿಗೆ ಕೈ ಅದ್ದುವಾಗ ಅಕ್ಕನ ಕಡೆಗೆ ನೋಡುತ್ತಿರಲಿಲ್ಲ. ಅಷ್ಟನ್ನು ನಾನು ಬಲ್ಲೆ. ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬಲ್ಲೆ ಎಂದು ಈಗ ಹೇಳಲಾರೆ. ಮೊದಲ ಮುದ್ರಣದಲ್ಲಿ ಅವಳ ಮನಸ್ಸನ್ನೂ ಬಲ್ಲವನ ಹಾಗೆ ಬರೆದಿದ್ದೆ.

ದಸರೆಯ ಖಂಡೇಪೂಜೆಯ ದಿನ ಮನೆಯಲ್ಲಿ ಅವರವರ ಕೆಲಸದ ಸಾಮಾನು ತೊಳೆದು ದೇವರ ಮಾಡದ ಮುಂದೆ ಇಡುತ್ತಿದ್ದೆವು. ಅಪ್ಪನ ತಕ್ಕಡಿ, ನನ್ನ ನೀರಿನ ಜಗ್ಗು, ಅವ್ವನ ಹೆಸರಿನಲ್ಲಿ ಹಂಚು ಮತ್ತು ಪರಾತ. ಯಾರದು ಯಾವುದೋ ಅದಕ್ಕೆ ಅವರೇ ಕುಂಕುಮ ಹಚ್ಚಬೇಕು. ಒಂದು ವರ್ಷ ಅಕ್ಕ ಬಂದು ಹಂಚಿನ ಮುಂದೆ ಕುಳಿತುಬಿಟ್ಟಳು.

“ಹಂಚು ನಂದು. ನಾ ಹಚ್ಚಾಕಿ.”

“ಏಳ. ಹಬ್ಬದ ದಿನಾ ಹಠಾ ಮಾಡಬ್ಯಾಡ,” ಅಂದ ಅಪ್ಪ.

“ಮನ್ಯಾಗ ಯಾರೂ ಗಿರಾಕಿ ಇಲ್ಲಲ್ಲ ಈಗ? ದೇವ್ರಿಗೂ ಸುಳ್ಳ ಹೇಳೂದನ?”

ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಅವ್ವ ಎಡಗೈಯಿಂದ ಕುಂಕುಮ ಹಚ್ಚಿದಳು. ನಾನು ನನ್ನ ಜಗ್ಗಿಗೆ ಕಟ್ಟಿದ ಚೆಂಡುಹೂವು ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದೆ.

ಅದಾದ ಮೇಲೆ, ಆ ಚಳಿಗಾಲದಲ್ಲಿಯೇ, ನಾನು ಮಾಡಿದ್ದನ್ನು ಹೇಳಬೇಕು. ಸಂತೆಯ ದಿನ. ಪಡಸಾಲೆ ತುಂಬಿತ್ತು. ಕೋರ್ಟಿಗೆ ಬರುತ್ತಿದ್ದ ಒಬ್ಬ ವಕೀಲರು ನಮ್ಮ ಹಳೆಯ ಗಿರಾಕಿ. ಅವರು ಕೈ ತೊಳೆಯಲು ಏಳುತ್ತ, ಇಂಥ ರೊಟ್ಟಿ ಬಡಿಯುವ ಕೈಗೆ ಬಂಗಾರದ ಬಳೆ ಹಾಕಬೇಕು ಎಂದು ಅವ್ವನಿಗೆ ದೊಡ್ಡ ದನಿಯಲ್ಲಿ ಹೇಳಿದರು. ಆಗ ಪರದೆಯ ಹಿಂದಿನಿಂದ ಅಕ್ಕನ ದನಿ ಬಂತು.

“ಅವ್ವ ಅಲ್ಲರೀ. ನಾ ಮಾಡಿದ್ದು. ಎಲ್ಲಾ ನಾನ ಮಾಡೂದು.”

ಅವ್ವ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು. ಅಪ್ಪ ಗಲ್ಲೆ ಬಿಟ್ಟು ಅರ್ಧ ಎದ್ದಿದ್ದ. ವಕೀಲರು ನನ್ನ ಕಡೆಗೆ ತಿರುಗಿದರು, ಯಾಕೆಂದರೆ ನಾನು ಅವರ ಎದುರಿಗೇ ತಂಬಿಗೆ ಹಿಡಿದು ನಿಂತಿದ್ದೆ.

“ಏನಲೇ ಬಸ್ಯಾ, ಖರೇನ? ಯಾರ ಮಾಡಿದ್ದು?”

“ಅವ್ವರೀ,” ಅಂದೆ. ಅಷ್ಟಕ್ಕೆ ನಿಲ್ಲಲಿಲ್ಲ. “ಅಕ್ಕಾಗ ಬರೇ ಚ್ಯಾಷ್ಟಿರೀ. ಆಕಿ ಬಡದ್ರ ರೊಟ್ಟಿ ಚಪ್ಪಲಿ ಆಗತಾವ.”

ಎಲ್ಲರೂ ನಕ್ಕರು. ಹೌದು, ಅಪ್ಪನ ಅಂಜಿಕೆ ಇತ್ತು. ಅದನ್ನು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಮೊದಲ ಮಾತನ್ನಷ್ಟೇ ಅಂಜಿಕೆ ಆಡಿಸಿತು. ಚಪ್ಪಲಿಯ ಮಾತು ನನ್ನದು. ದೊಡ್ಡವರು ನಗುತ್ತಾರೆ ಎಂದು ಆಡಿದೆ, ನಕ್ಕರು, ನನಗೆ ಖುಷಿಯಾಯಿತು. ಆಮೇಲೆ ಅಕ್ಕ ಏನು ಮಾಡಿದಳು ಎಂಬುದನ್ನು ಈ ಸಲ ಹೊಸದಾಗಿ ಬರೆಯುವಾಗಲೂ ನಾನು ಮೊದಲು ತಪ್ಪು ಬರೆದಿದ್ದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಕ್ಕನ ಮದುವೆ ಆಯಿತು. ಮೂಡಲಗಿಯ ಕಡೆಯ ಒಕ್ಕಲುತನದ ಮನೆ. ಅವಳು ಹೋದ ಮೇಲೆ ಅಡಿಗೆಗೆ ಪಗಾರದ ಹೆಂಗಸರನ್ನು ಇಟ್ಟೆವು. ಆಗಲೂ ಹೇಳುವುದು ಅದನ್ನೇ, ಅವ್ವನ ಕೈ. ಅಪ್ಪ ಹೋದ, ಅವ್ವ ಹೋದಳು. ಗಲ್ಲೆಗೆ ನಾನು ಬಂದೆ, ಈಗ ನನ್ನ ಮಗ ಇದ್ದಾನೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಅವ್ವನ ರೊಟ್ಟಿ’ ಎಂದು ಬರೆಸಿದ್ದಾನೆ. ಒಂದು ಮಾತನ್ನು ದಿನಾ ಆಡುತ್ತ ಹೋದರೆ ಅದು ಆಡಿದವನಿಗೇ ನಿಜ ಆಗುತ್ತದೆ. ಇದನ್ನು ಸಬೂಬಾಗಿ ಹೇಳುತ್ತಿಲ್ಲ, ನಡೆದದ್ದು ಹಾಗೆ. ಕಣ್ಣು ಮುಚ್ಚಿದರೆ ನನಗೆ ಅವ್ವ ರೊಟ್ಟಿ ಬಡಿಯುವುದೇ ಕಾಣುತ್ತಿತ್ತು, ಸುಡದ ಕೈಯಿಂದ.

ಕೂದಲು ಬೆಳ್ಳಗಾದ ಮೇಲೆ ಬರೆಯಬೇಕು ಅನಿಸಿತು. ಗಲ್ಲೆಯ ಬಾಜೂ ಕುಳಿತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದೆ. ಪುಸ್ತಕವನ್ನು ನಾನೇ ಹಾಕಿಸಿದೆ, ನನ್ನದೇ ಖರ್ಚು. ಅಚ್ಚಿಗೆ ಕೊಡುವ ಮೊದಲು ಯಾರಾದರೂ ಸಂಪಾದಕರಿಗೆ ತೋರಿಸಿರಿ ಎಂದು ಪ್ರೆಸ್ಸಿನವರು ಹೇಳಿದರು. ನಾನು ಅವರ ಮೇಲೆ ಹರಿಹಾಯ್ದೆ. ಕಾಲೇಜು ಕಲಿತವರು ನನ್ನ ಮಾತಿಗೆ ಕೈ ಹಚ್ಚಿ ತಮ್ಮ ಹಾಗೆ ಮಾಡಿಬಿಡುತ್ತಾರೆ, ನನ್ನ ಅವ್ವನನ್ನು ನನಗಿಂತ ಅವರು ಬಲ್ಲರೇ, ಅಂದೆ. ಓದಲು ಕೊಟ್ಟದ್ದು ಗೆಳೆಯರಿಗೆ. ಅವರೆಲ್ಲ ನಮ್ಮ ಪಡಸಾಲೆಯಲ್ಲಿ ಉಂಡು ಬೆಳೆದವರು. ಒಬ್ಬರು ಕಣ್ಣು ಒರೆಸಿಕೊಂಡರು, ಒಬ್ಬರು ‘ಬಾಯಾಗ ನೀರ ಬಂತೋ’ ಅಂದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅವರು ಪುಸ್ತಕ ಓದಲಿಲ್ಲ, ಹಳೆಯ ಊಟವನ್ನೇ ಮತ್ತೊಮ್ಮೆ ಉಂಡರು. ಹೊಗಳಿಕೆ ಕೇಳಿ ನಾನು ಹಿಗ್ಗಿದೆ. ಅಧ್ಯಾಯದ ತುಂಬ ಅವ್ವನನ್ನು ಅನ್ನಪೂರ್ಣೆ ಎಂದು ಕರೆದಿದ್ದೆ. ಅಕ್ಕನ ಹೆಸರು ಒಂದೇ ಕಡೆ ಇತ್ತು: ‘ನಾನು ಎರಡನೆಯ ಇಯತ್ತೆಯಲ್ಲಿದ್ದಾಗಿನಿಂದ ಗಂಗವ್ವನಿಗೆ ಶಾಲೆ ಹಿಡಿಸಲಿಲ್ಲ, ಮನೆಯಲ್ಲಿಯೇ ಇದ್ದಳು.’

ಪುಸ್ತಕವನ್ನು ಬಸ್ಸಿನಲ್ಲಿ ಮೂಡಲಗಿಗೆ ಹೋಗಿ ನಾನೇ ಅಕ್ಕನ ಕೈಗೆ ಕೊಟ್ಟುಬಂದೆ. ಅಕ್ಕ ನಿಧಾನವಾಗಿ ಓದಬಲ್ಲಳು. ಅವಳಿಂದ ಫೋನು ಬರಲಿಲ್ಲ. ಎರಡು ತಿಂಗಳ ಮೇಲೆ ಕಲ್ಲೋಳಿಯಲ್ಲಿ ಒಂದು ಮದುವೆ ಇತ್ತು. ಮುಗಿಸಿಕೊಂಡು ಮರುದಿನ ಅವಳ ಮನೆಗೆ ಹೋದೆ. ಊಟಕ್ಕೆ ಕೂಡಿಸಿದಳು. ತಾಟಿನಲ್ಲಿ ಪ್ಲಾಸ್ಟಿಕ್ ಚೀಲದಿಂದ ತೆಗೆದ, ಒಣಗಿಸಿದ ಕಟಕ್ ರೊಟ್ಟಿ.

“ಅವ್ವನ ಕೈ ರೊಟ್ಟಿ ಸಿಗಲಿಲ್ಲೋ ತಮ್ಮಾ. ಅಂಗಡ್ಯಾಗಿನ್ವು ತಂದೇನಿ. ನಂಗೇನ ಬರ್ತೈತಿ?”

“ಇರಲಿ ಬಿಡ ಅಕ್ಕಾ, ವಯಸ್ಸಾತಲ್ಲ ನಿನಗೂ,” ಅಂದೆ ನಾನು.

ಅವಳು ಚೀಲದಿಂದ ಇನ್ನೊಂದು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ನನಗೆ ತಿಳಿಯಲಿಲ್ಲ. ಅಷ್ಟು ಹೇಳಿದರೂ ತಿಳಿಯಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಓದುವವರು ನನ್ನನ್ನು ಬೇಕಾದ್ದು ಅನ್ನಲಿ.

ಪ್ರತಿಗಳು ಮುಗಿದವು. ಮತ್ತೆ ಅಚ್ಚು ಹಾಕಿಸಬೇಕಾಯಿತು. ತಪ್ಪುಗಳು ಬಹಳ ಇವೆ ಎಂದು ಅಲ್ಲಿ ಇಲ್ಲಿ ಕೇಳಿಬಂದಿತ್ತು. ಪ್ರೆಸ್ಸಿನವರು ಗೋಕಾಕದ ಒಬ್ಬ ಹೆಣ್ಣುಮಗಳ ವಿಳಾಸ ಕೊಟ್ಟರು, ಹೆಸರು ಸುಮಿತ್ರಾ. ಬಹಳ ವರ್ಷ ಧಾರವಾಡದಲ್ಲಿ ಪುಸ್ತಕಗಳ ಕೆಲಸ ಮಾಡಿ, ಈಗ ಮನೆಯಲ್ಲಿಯೇ ಕುಳಿತು ಅದನ್ನೇ ಮಾಡುತ್ತಿದ್ದರು. ಅದು ಅವರ ಹೊಟ್ಟೆಪಾಡು, ಪುಕ್ಕಟೆ ಉಪಕಾರ ಅಲ್ಲ. ಒಳಗೆ ಹೋದವನೇ ಹೇಳಿದೆ:

“ಒತ್ತು, ದೀರ್ಘ ಅಷ್ಟ ನೋಡ್ರಿ ಮೇಡಂ. ಮಾತಿಗೆ ಕೈ ಹಚ್ಚಬ್ಯಾಡ್ರಿ.”

“ಮಾತು ನಿಮ್ಮವು, ಅವಕ್ಕ ನಾ ಯಾಕ ಕೈ ಹಚ್ಚಲಿ?” ಅಂದರು ಅವರು. “ತಿಳೀಲಾರದ್ದನ್ನ ಕೇಳತೇನಿ. ನೀವು ಹೇಳಬೇಕು. ಅಷ್ಟಕ್ಕ ತಯಾರ ಇದ್ರ ಬಿಟ್ಟ ಹೋಗ್ರಿ.”

ಬಿಟ್ಟು ಬಂದೆ. ಕರೆದಾಗ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ನನ್ನ ಮಾತನ್ನು ಅವರು ಕೆಡಿಸಿರಲಿಲ್ಲ. ನಾನೇ ದೊಡ್ಡವರ ಹಾಗೆ ಕಾಣಲಿ ಎಂದು ‘ರೊಟ್ಟಿ ತಯಾರಿಕೆ’ ಎಂದು ಬರೆದ ಕಡೆಯಲ್ಲೆಲ್ಲ ‘ರೊಟ್ಟಿ ಬಡಿಯುವುದು ಅನ್ನಬಾರದೇ?’ ಎಂದು ಕೇಳಿದ್ದರು. ಅನ್ನಪೂರ್ಣೆಯ ಸುತ್ತ ಪೆನ್ಸಿಲ್ ಗೆರೆ ಎಳೆದು, ‘ಈ ದೇವಿ ಬಂದಾಗಲೆಲ್ಲ ನಿಮ್ಮ ತಾಯಿ ಕಾಣುವುದಿಲ್ಲ’ ಎಂದು ಬರೆದಿದ್ದರು. ಸಿಟ್ಟು ಬಂತು, ಒಪ್ಪಿಕೊಂಡೆ. ಒಂದು ಗಂಟೆ ಹೀಗೆ ಹೋಯಿತು. ಆಮೇಲೆ ಅವರು ಎರಡು ಹಾಳೆ ಬಾಜೂಬಾಜೂ ಇಟ್ಟರು.

“ಬಸಪ್ಪ ಅವ್ರ, ಇಲ್ಲಿ ಕೈ ಸುಟ್ಟೈತಿ. ಬೆರಳು ಬಿಚ್ಚಾಕ ಬರಲಿಲ್ಲ, ಕೊನೀವರೆಗೂ ಬರಲಿಲ್ಲ ಅಂದೀರಿ. ಅದರ ಮುಂದಿನ ಅಧ್ಯಾಯದಾಗ ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡೀತಾರ. ಯಾವ ಕೈಲೆ?”

“ನಮ್ಮವ್ವ ಗಟ್ಟಿಗಿತ್ತಿ ಇದ್ಲರೀ.”

“ಇರಲಿ. ಯಾವ ಕೈಲೆ?”

ನಾನು ಎರಡೂ ಹಾಳೆಗಳನ್ನು ಮತ್ತೊಮ್ಮೆ ಓದಿದೆ. ಅವರು ನೀರು ತಂದುಕೊಟ್ಟರು.

“ಮನ್ಯಾಗ ಇನ್ನೂ ಒಬ್ರು ಇದ್ರಲ್ಲ,” ಅಂದರು. “ಶಾಲೆ ಹಿಡಿಸಲಿಲ್ಲ ಅಂತ ಒಂದ ಸಾಲಿನ್ಯಾಗ ಬಂದು ಹೋಗ್ಯಾರ. ಸುಟ್ಟದ್ದು ದೀಪಾವಳ್ಯಾಗ, ಅವರು ಶಾಲೆ ಬಿಟ್ಟದ್ದೂ ಅದ ವರ್ಷ. ಇವೆರಡಕ್ಕೂ ಏನೂ ಸಂಬಂಧ ಇಲ್ಲೇನ್ರಿ?”

ಆ ಹೆಣ್ಣುಮಗಳು ನಮ್ಮ ಖಾನಾವಳಿಯ ಬಾಗಿಲು ಕಂಡವಳಲ್ಲ. ನಮ್ಮ ರೊಟ್ಟಿ ಮುರಿದವಳಲ್ಲ. ಅದಕ್ಕೇ ಅವಳಿಗೆ ಕಂಡಿತು. ಕಾಗದದ ಮೇಲೆ ನಾನು ಏನು ಬರೆದಿದ್ದೆನೋ ಅದನ್ನು ಮಾತ್ರ ಓದಿದಳು. ಎಲ್ಲವೂ ಅಲ್ಲೇ ಇತ್ತು, ನನ್ನ ಅಕ್ಷರದಲ್ಲಿಯೇ. ಕೈ ಸುಟ್ಟದ್ದನ್ನೂ ನಾನೇ ಬರೆದಿದ್ದೆ, ಅಕ್ಕ ಮನೆಯಲ್ಲಿ ಉಳಿದದ್ದನ್ನೂ ನಾನೇ ಬರೆದಿದ್ದೆ. ಕೂಡಿಸಿ ನೋಡುವ ಕಣ್ಣು ನನಗಿರಲಿಲ್ಲ, ಉಂಡ ಗೆಳೆಯರಿಗೂ ಇರಲಿಲ್ಲ. ಗೋಕಾಕದ ಆ ಕೋಣೆಯಲ್ಲಿ ಕುಳಿತಾಗ ಅಂಗಡಿಯ ರೊಟ್ಟಿ ತಾಟಿಗೆ ಯಾಕೆ ಬಂತೆಂಬುದು ತಿಳಿಯಿತು. ಬಸ್ಸಿನಲ್ಲಿ ಹುಕ್ಕೇರಿಯವರೆಗೂ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದೆ. ನಿರ್ವಾಹಕ ಎರಡು ಸಲ ಟಿಕೆಟ್ ಕೇಳಬೇಕಾಯಿತು.

ಅಧ್ಯಾಯವನ್ನು ಮೊದಲಿನಿಂದ ಬರೆಯಲು ಕುಳಿತೆ. ಮಗ ಓದಿ ಬೆವತ.

“ಅಪ್ಪಾ, ಬೋರ್ಡ ಏನ ಮಾಡೂದ್ರೀ? ಅವ್ವನ ರೊಟ್ಟಿ ಅಂತ ಬರಿಸೇನಿ. ಗಿರಾಕಿ ಏನ ತಿಳ್ಕೋಬೇಕು? ಸತ್ತವರ ಮ್ಯಾಲೆ ಈಗ ಇದೆಲ್ಲಾ ಯಾಕ್ರೀ?”

“ಸತ್ತವರ ಮ್ಯಾಲೆ ಅಲ್ಲೋ. ಬದುಕಿದಾಕಿ ಒಬ್ಬಾಕಿ ಮೂಡಲಗ್ಯಾಗ ಅದಾಳ.”

“ಅತ್ತಿ ಏನರ ಕೇಳ್ಯಾಳೇನ್ರೀ?”

“ಆಕಿ ಕೇಳಿದ್ಲು. ನಮಗ ಕೇಳಿಸಲಿಲ್ಲ. ನಾಳೆ ಗಿರಾಕಿ ಬರದಿದ್ರ ನಾ ಬಾಗಲದಾಗ ನಿಂತ ಕರೀತೇನಿ, ಹೋಗ.”

ಊರಲ್ಲಿ ಇನ್ನೊಂದು ಮಾತು ಹುಟ್ಟಿತು. ಬಸಪ್ಪನಿಗೆ ಗೋಕಾಕದವರು ಬರೆದುಕೊಡುತ್ತಾರಂತೆ. ಅವರಿಗೆ ಇಲ್ಲಿಯೇ ಉತ್ತರ ಕೊಡುತ್ತೇನೆ. ಆ ಹೆಣ್ಣುಮಗಳು ಈ ಪುಸ್ತಕದಲ್ಲಿ ಒಂದು ಸಾಲನ್ನೂ ಬರೆದಿಲ್ಲ. ಕೆಲವನ್ನು ಹೊಡೆದುಹಾಕಿರಿ ಅಂದಳು, ಕೆಲವನ್ನು ಮುಂದೆ ತನ್ನಿರಿ ಅಂದಳು, ಉಳಿದ ಹೊತ್ತೆಲ್ಲ ಕೇಳಿದಳು. ಹೊಡೆಯಬೇಡಿ ಎಂದು ನಾನು ಹಠ ಹಿಡಿದದ್ದು ಹಾಗೇ ಉಳಿದಿದೆ, ಅದರಲ್ಲಿ ಕೆಲವು ಕೆಟ್ಟದಾಗಿಯೂ ಇವೆ. ನನ್ನ ಹಾಗೆ ಸ್ವಂತ ಕೈಯಿಂದ ಪುಸ್ತಕ ಹಾಕಿಸುವವರು ನಮ್ಮ ಕಡೆ ಬಹಳ ಜನ ಆಗಿದ್ದಾರೆ. ನಿವೃತ್ತ ಮಾಸ್ತರರು, ಸೈನ್ಯದಿಂದ ಬಂದವರು, ಹೆಣ್ಣುಮಕ್ಕಳು. ಬರೆಯಿರಿ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಉಣ್ಣದ, ನಿಮ್ಮ ಮುಖ ನೋಡಿ ಮಾತು ನುಂಗದ, ಇದೇ ಕಸುಬು ಮಾಡಿದ ಒಬ್ಬರ ಮುಂದೆ ಅದನ್ನು ಇಡಿರಿ. ನಾಚಿಕೆ ಆಗುತ್ತದೆ. ಅಚ್ಚಿನ ಮೊದಲು ಆದರೆ ಒಂದು ಕೋಣೆಯಲ್ಲಿ ಮುಗಿಯುತ್ತದೆ. ನನಗೆ ಅಚ್ಚಾದ ಮೇಲೆ ಆಯಿತು. ಆ ಪುಸ್ತಕಗಳು ಯಾರಯಾರ ಮನೆಯಲ್ಲೋ ಇವೆ. ಅವುಗಳಲ್ಲಿ ನನ್ನ ಅಕ್ಕನಿಗೆ ಶಾಲೆ ಹಿಡಿಸಿಲ್ಲ, ಇನ್ನು ಮುಂದೆಯೂ ಹಿಡಿಸುವುದಿಲ್ಲ.

ಹೊಸದಾಗಿ ಬರೆದದ್ದನ್ನು ಗೋಕಾಕಕ್ಕೆ ಒಯ್ದೆ. ವಕೀಲರ ಮುಂದೆ ನಾನು ಆಡಿದ ಮಾತನ್ನು ಬರೆದ ಮೇಲೆ, ‘ಅಕ್ಕ ಒಲೆಯ ಮೂಲೆಯಲ್ಲಿ ಕುಳಿತು ಸಂಜೆಯವರೆಗೂ ಬಿಕ್ಕಿ ಬಿಕ್ಕಿ ಅತ್ತಳು’ ಎಂದು ಸೇರಿಸಿದ್ದೆ. ಬರೆಯುವಾಗ ನನ್ನ ಕಣ್ಣಲ್ಲೂ ನೀರು ಬಂದಿತ್ತು. ಸುಮಿತ್ರಾ ಅವರು ಅದರ ಕೆಳಗೆ ಬೆರಳಿಟ್ಟರು.

“ಇದು ನೀವು ಕಂಡದ್ದೋ, ಅನಿಸಿದ್ದೋ?”

“ಅತ್ತಿರಬೇಕಲ್ಲರೀ ಮತ್ತ.”

“ನನ್ನ ಕೇಳಬ್ಯಾಡ್ರಿ. ಅವರು ಅದಾರಲ್ಲ, ಅವರನ್ನ ಕೇಳ್ರಿ. ಈ ಅಧ್ಯಾಯ ಅಚ್ಚಿಗೆ ಹೋಗಬೇಕೋ ಬ್ಯಾಡೋ ಅದನ್ನೂ ಕೇಳ್ರಿ. ಅವರು ಬ್ಯಾಡ ಅಂದ್ರ ಇದು ಬ್ಯಾಡ.”

ಮೂಡಲಗಿಗೆ ಹೋದಾಗ ಬೆಳಗಿನ ಬಿಸಿಲು ಅಂಗಳಕ್ಕೆ ಬಂದಿತ್ತು. ಅಕ್ಕ ಮೆಂತೆಪಲ್ಯ ಸೋಸುತ್ತ ಕುಳಿತಿದ್ದಳು. ಓದುತ್ತೇನೆ ಅಂದೆ. ಕೆಳಗೇ ಕುಳಿತು ಓದಿದೆ. ಹಿಟ್ಟಿನ ಡಬ್ಬಿ ಬಂತು, ಹಂಚಿನ ಜಗಳ ಬಂತು. ಅವಳು ತಲೆ ಎತ್ತಲಿಲ್ಲ, ಮೆಂತೆಯ ಕಡ್ಡಿ ಮುರಿಯುವುದನ್ನೂ ನಿಲ್ಲಿಸಲಿಲ್ಲ. ಚಪ್ಪಲಿಯ ಮಾತನ್ನೂ ಬಿಡದೆ ಓದಿದೆ. ಆಮೇಲೆ ಅಳುವ ಸಾಲು.

“ನಿಲ್ಲ. ಯಾರ ಅತ್ರು?”

“ನೀನು, ಅಕ್ಕಾ.”

“ನೀ ನೋಡಿದ್ಯಾ?”

“ಕಣ್ಣ ಕೆಂಪಾಗಿದ್ವು.”

“ದಿನಾ ಕೆಂಪ ಇರತಿದ್ವೋ ನನ್ನಪ್ಪಾ! ಆ ಹೊಗ್ಯಾಗ ನೀ ಒಂದ ತಾಸ ಕುಂತಿದ್ರ ತಿಳೀತಿತ್ತು. ತಗಿ ಅದನ್ನ. ನಾ ಅಳಲಿಲ್ಲ.”

“ಮತ್ತೇನ ಮಾಡಿದಿ?”

ಅವಳ ಕೈ ನಿಂತಿತು. ಈ ವಯಸ್ಸಿನಲ್ಲಿ ಹುಡುಗಿಯ ಹಾಗೆ ಬಾಗಿಲ ಕಡೆಗೊಮ್ಮೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಕಡೆಗೆ ಬಾಗಿದಳು.

“ಮರುದಿನಾ ಬದನಿಕಾಯಿ ಪಲ್ಯಾಕ್ಕ ಉಪ್ಪ ಹಾಕಲಿಲ್ಲ.”

“ಮರತಿದ್ದೇನ?”

“ಮರೀಲಾಕ ನಾ ಏನ ನೀ? ಬೇಕಂತ ಹಾಕಲಿಲ್ಲ. ಇಡೀ ಬೋಗಾಣಿಗೆ ಒಂದ ಹಳಕ ಉಪ್ಪಿಲ್ಲ. ನೋಡೂನು, ಅವ್ವನ ಕೈ ಅವ್ವನ ಕೈ ಅಂತಾರಲ್ಲ, ಇವತ್ತ ಏನಂತಾರ ಅಂತ ಪರದೆ ಹಿಂದ ನಿಂತ್ನಿ.”

ಆ ದಿನ ನನಗೆ ನೆನಪಾಯಿತು. ಉಪ್ಪಿನ ಬಟ್ಟಲು ಹಿಡಿದು ಪಡಸಾಲೆಯ ತುಂಬ ಓಡಾಡಿದ್ದೆ. ಒಬ್ಬರು ಕರೆದರು, ಇನ್ನೊಬ್ಬರು ಕರೆದರು. ಎಲ್ಲರೂ ತಲೆ ತಗ್ಗಿಸಿ, ತಾಟಿನ ಅಂಚಿನಲ್ಲಿ ಕಲಿಸಿಕೊಂಡು ಉಂಡರು. ಯಾಕೆ ಎಂದು ಯೋಚಿಸಿರಲಿಲ್ಲ.

“ಅವ್ವ ಕೈಗೆ ಹಿಟ್ಟ ಹಚ್ಗೊಂಡ ಹೋಗಿ ಕೇಳಿದ್ಲು, ಊಟಾ ಹೆಂಗಾತ್ರೀ ಅಂತ. ಆ ವಕೀಲ ಅಂದಾ, ಅಮೃತ ಆಗೇತ್ರಿ ಬಾಯಿ! ಸೆರಗ ಬಾಯಾಗ ತುರಕೊಂಡ ನಕ್ನಿ ನಾ. ಕಣ್ಣಾಗ ನೀರ ಬಂದದ್ದು ಅವತ್ತ. ನೀನೂ ಉಂಡಿ. ತಾಟ ನೆಕ್ಕಿದಿ. ಒಂದ ಮಾತ ಅಂದ್ಯಾ?”

ನಾನು ಅಂದಿರಲಿಲ್ಲ.

“ಇದನ್ನ ಬರೀಲೇನ ಅಕ್ಕಾ? ಅಚ್ಚಿಗೆ ಹೋಗತೈತಿ ನೋಡ.”

“ಬರಿ. ಅತ್ಲು ಗಿತ್ಲು ಅಂತ ಬರದ್ರ ಮನಿಗೆ ಬರಬ್ಯಾಡ. ಇದನ್ನ ಬರಿ, ನನ್ನ ಹೆಸರ ಹಾಕಿ ಬರಿ.”

“ಮಂದಿ ಏನಂದಾರು?”

“ಅಮೃತ ಅಂತಾರ,” ಅಂದಳು ಅಕ್ಕ, ಮತ್ತೆ ಮೆಂತೆಗೆ ಕೈ ಹಾಕಿದಳು.

ಅಳುವ ಸಾಲನ್ನು ಅವಳ ಎದುರಿಗೇ ಹೊಡೆದೆ. ಅದರ ಜಾಗದಲ್ಲಿ ಇದನ್ನು ಬರೆದು ಓದಿ ತೋರಿಸಿದೆ. ಅವಳು ಎರಡು ಸಲ ಓದಿಸಿ, ಇರಲಿ ಅಂದಳು: ಮರುದಿನ ನಮ್ಮ ಖಾನಾವಳಿಯ ಬದನೆಕಾಯಿ ಪಲ್ಯದಲ್ಲಿ ಉಪ್ಪಿರಲಿಲ್ಲ. ಹಾಕದೆ ಬಿಟ್ಟವಳು ಗಂಗವ್ವ. ಆ ಮನೆಯಲ್ಲಿ ಅಡಿಗೆ ಮಾಡುತ್ತಿದ್ದವಳು ಅವಳೇ.